60 ಸಾವಿರದೊಳಗೆ ಲ್ಯಾಪ್‌ಟಾಪ್: ಚಿತ್ರ ತಿದ್ದುವುದಕ್ಕೂ ಆಟಕ್ಕೂ

ಪ್ರಶ್ನೆ (ಹಾಸನ):
ಬೇಲೂರು, ಹಳೇಬೀಡಿನ ಶಿಲ್ಪಗಳ ಛಾಯಾಚಿತ್ರಗಳನ್ನು ತಿದ್ದುವುದಕ್ಕೂ, ಬಿಡುವಿನಲ್ಲಿ ವ್ಯಾಲೊರೆಂಟ್‌ನಂತಹ ಹಗುರವಾದ ಆಟವಾಡುವುದಕ್ಕೂ ಒಂದೇ ಲ್ಯಾಪ್‌ಟಾಪ್ ಬೇಕಾಗಿದೆ. ನನ್ನ ಮಿತಿ 60 ಸಾವಿರ ರೂಪಾಯಿ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರಲೇಬೇಕೆ?

ಉತ್ತರ 1:
ಇರಲೇಬೇಕೆಂದಿಲ್ಲ. ಪ್ರೊಸೆಸರಿನಲ್ಲೇ ಅಡಕವಾಗಿರುವ ಗ್ರಾಫಿಕ್ಸ್ ಆ ಮಟ್ಟದ ಆಟಕ್ಕೆ ಸಾಕಾಗುತ್ತದೆ. ಆದರೆ ಅದು ತನ್ನದೇ ಸ್ಮರಣೆಯಿಲ್ಲದೆ ಮುಖ್ಯ ರ‍್ಯಾಮನ್ನೇ ಹಂಚಿಕೊಳ್ಳುವುದರಿಂದ, 16 ಜಿಬಿ ರ‍್ಯಾಮ್ ಎರಡು ಚಾನೆಲ್‌ಗಳಲ್ಲಿ (ರ‍್ಯಾಮ್ ಮತ್ತು ಪ್ರೊಸೆಸರಿನ ನಡುವೆ ಮಾಹಿತಿ ಸಾಗುವ ದಾರಿಗಳು) ಇರುವುದು ಮುಖ್ಯ. ಒಂದೇ ಚಾನೆಲ್ ಇದ್ದರೆ ಆಟದ ವೇಗ ಗಣನೀಯವಾಗಿ ಕುಸಿಯುತ್ತದೆ.

ಉತ್ತರ 2 (ಚಿಕ್ಕಮಗಳೂರು):
ನಾನಾದರೆ ಮೊದಲು ಪರದೆಯನ್ನೇ ನೋಡುತ್ತೇನೆ. ವಿವರಪಟ್ಟಿಯಲ್ಲಿ 45% ಎನ್‌ಟಿಎಸ್‌ಸಿ (ಪರದೆಯ ಬಣ್ಣಗಳ ವ್ಯಾಪ್ತಿಯನ್ನು ಅಳೆಯುವ ಒಂದು ಮಾನದಂಡ) ಎಂದಿದ್ದರೆ ಅದು ಎಸ್‌ಆರ್‌ಜಿಬಿ (ಪರದೆ, ಅಂತರ್ಜಾಲಗಳಲ್ಲಿ ಸಾಮಾನ್ಯವಾಗಿ ಬಳಸುವ ಬಣ್ಣಗಳ ಮಾನದಂಡ) ಬಣ್ಣಗಳಲ್ಲಿ ಸುಮಾರು ಮೂರನೇ ಎರಡರಷ್ಟನ್ನು ಮಾತ್ರ ತೋರಿಸುತ್ತದೆ. ಅಗ್ಗದ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಅನೇಕವು ಹೀಗೆಯೇ ಇರುತ್ತವೆ. ಅಂತಹದೊಂದರಲ್ಲಿ ಕಾಫಿ ತೋಟದ ಹಸಿರನ್ನು ತಿದ್ದಿ ಮುದ್ರಣಕ್ಕೆ ಕೊಟ್ಟು, ಬಂದ ಪ್ರತಿಯನ್ನು ಕಂಡು ನಾನೇ ಬೆಚ್ಚಿದ್ದೆ! ಬಳಪದ ಕಲ್ಲಿನ ಬೂದು ಛಾಯೆಗಳನ್ನು ಹಿಡಿಯಬೇಕಾದ ನೀವು 100% ಎಸ್‌ಆರ್‌ಜಿಬಿ ತೋರಿಸುವ ಐಪಿಎಸ್ (ಓರೆಯಿಂದ ನೋಡಿದರೂ ಬಣ್ಣ ಹೆಚ್ಚು ಬದಲಾಗದ ಎಲ್‌ಸಿಡಿ ಬಗೆ) ಅಥವಾ ಓಎಲ್‌ಇಡಿ (ಪ್ರತಿ ಚುಕ್ಕೆಯೂ ತಾನೇ ಬೆಳಗುವ ಬಗೆ) ಪರದೆಯನ್ನೇ ಆರಿಸಿಕೊಳ್ಳಿ.

ಪ್ರಶ್ನೆ ಕೇಳಿದವರು:
ವಂದನೆಗಳು. ರ‍್ಯಾಮನ್ನು ಮುಂದೆ ಹೆಚ್ಚಿಸಿಕೊಳ್ಳಬಹುದೆ?

ಉತ್ತರ 1:
ತೆಳ್ಳಗಿನ ಹಲವು ಮಾದರಿಗಳಲ್ಲಿ ಅದನ್ನು ಮದರ್‌ಬೋರ್ಡಿಗೇ ಬೆಸೆದಿರುತ್ತಾರೆ. ಆದ್ದರಿಂದ ಕೊಳ್ಳುವಾಗಲೇ 16 ಜಿಬಿ ತೆಗೆದುಕೊಳ್ಳಿ.