ಲೈಟ್ ರೈಲ್: ಲಘು ರೈಲೋ, ಹಗುರ ಹಳಿಯೋ?

ಬಳಗದವರಿಗೆ ನಮಸ್ಕಾರ. ಅಮೆರಿಕದ ಸ್ಯಾನ್ ಹೋಸೆಯಲ್ಲಿರುವ ಮಕ್ಕಳ ಮನೆಗೆ ಬರುವ ಹಿರಿಯರಿಗೆಂದು, ಅಲ್ಲಿನ ಲೈಟ್ ರೈಲಿನಲ್ಲಿ (ಊರೊಳಗೆ ಓಡುವ, ಮೆಟ್ರೋಗಿಂತ ಚಿಕ್ಕ ವಿದ್ಯುತ್ ರೈಲು) ಓಡಾಡುವುದು ಹೇಗೆಂಬ ಒಂದು ಪುಟದ ಕನ್ನಡ ಸೂಚನೆ ತಯಾರಾಗುತ್ತಿದೆ. ಕರಡಿನಲ್ಲಿ ಒಂದೇ ವಸ್ತುವಿಗೆ ‘ಲಘು ರೈಲು’, ‘ಹಗುರ ಹಳಿ’, ‘ಬೀದಿರೈಲು’ ಎಂದು ಮೂರು ಹೆಸರು ಸೇರಿಕೊಂಡಿವೆ. ಯಾವುದನ್ನು ಉಳಿಸೋಣ? ‘ಟೂ ಕಾರ್ ಟ್ರೇನ್’ ಎಂಬುದನ್ನು ‘ಎರಡು ಬೋಗಿಯ ರೈಲು’ ಎನ್ನಬಹುದೇ?

* * *

‘ಹಗುರ ಹಳಿ’ಯನ್ನು ಮೊದಲು ಕಿತ್ತುಹಾಕಿ. ಇಂಗ್ಲಿಷಿನ ರೈಲ್ ಕನ್ನಡಕ್ಕೆ ಬರುವಾಗ ಹಳಿ ಬಿಟ್ಟು ಗಾಡಿ ಏರಿದೆ. ‘ರೈಲು ಬಂತು’ ಎಂದರೆ ಗಾಡಿ ಬಂತು. ನೆಲದಲ್ಲಿರುವುದು ಹಳಿ, ಇಲ್ಲವೇ ಕಂಬಿ. ಅಲ್ಲದೆ ಆ ಹಳಿ ಹಗುರವೂ ಅಲ್ಲ. ಅಮೆರಿಕದ ಲೈಟ್ ರೈಲ್ ಮಾರ್ಗಗಳಲ್ಲಿ ಸಾಮಾನ್ಯವಾಗಿ ಹಾಕುವುದು ಗಜಕ್ಕೆ 115 ಪೌಂಡ್ ತೂಗುವ ಹಳಿ, ಅಂದರೆ ಮೀಟರಿಗೆ ಸುಮಾರು 57 ಕೆಜಿ. ಭಾರತೀಯ ರೈಲ್ವೆಯ 52 ಕೆಜಿ ಹಳಿಗಿಂತ ಇದೇ ಭಾರ! ಸ್ಯಾನ್ ಹೋಸೆಯ ಒಂದೊಂದು ಗಾಡಿ ಖಾಲಿ ಇದ್ದಾಗಲೇ 40 ಟನ್ ದಾಟುತ್ತದೆ. ಮೆಟ್ರೋಗಿಂತ ಕಡಿಮೆ ಇರುವುದು ಗಂಟೆಗೆ ಸಾಗಿಸುವ ಜನರ ಸಂಖ್ಯೆ, ಕಟ್ಟುವ ಖರ್ಚು.

1972ರಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ನಗರಸಾರಿಗೆ ವಿಭಾಗ ಈ ಹೆಸರನ್ನು ಚಲಾವಣೆಗೆ ತಂದಿದ್ದು ಆ ಅರ್ಥದಲ್ಲೇ. ನಮ್ಮ ಲೈಸೆನ್ಸಿನ ‘ಲಘು ಮೋಟಾರು ವಾಹನ’ದ ಲಘುವೂ ಹಾಗೆಯೇ, ಒಂದು ವರ್ಗದ ಹೆಸರು. ಹಾಗಾಗಿ ‘ಲಘು ರೈಲು’ ಸಲ್ಲುತ್ತದೆ. ‘ಹಗುರ’ಕ್ಕೆ ಆ ಬಳಕೆ ಇಲ್ಲ, ಹಗುರವಾಗಿ ಮಾತಾಡಿದ ಎಂಬ ವಾಸನೆ ಬೇರೆ ಇದೆ.

‘ಬೀದಿರೈಲು’ ಕಿವಿಗೆ ಹಿತ, ಆದರೆ ಅರ್ಧ ದಾರಿಯಲ್ಲೇ ಕೈಕೊಡುತ್ತದೆ. ಊರ ನಡುವೆ ಫಸ್ಟ್ ಸ್ಟ್ರೀಟ್, ಸೆಕೆಂಡ್ ಸ್ಟ್ರೀಟುಗಳಲ್ಲಿ ಗಾಡಿ ಬೀದಿಯಲ್ಲೇ ಹೋಗುತ್ತದೆ ನಿಜ. ದಕ್ಷಿಣಕ್ಕೆ ಹೋದರೆ 87ನೇ ಹೆದ್ದಾರಿಯ ನಟ್ಟನಡುವೆ ಬೇಲಿಯೊಳಗೆ ಓಡುತ್ತದೆ. 1987ರಲ್ಲಿ ಶುರುವಾದ ಲಂಡನ್ನಿನ ಡಾಕ್‌ಲ್ಯಾಂಡ್ಸ್ ಲೈಟ್ ರೈಲ್ವೆಯಂತೂ ಬೀದಿಗೆ ಇಳಿಯುವುದೇ ಇಲ್ಲ.

ವೋಲ್ಟೇಜು, ಗೇಜುಗಳಿಂದಲೂ ಅರ್ಥ ಹಿಡಿಯಲಾಗದು. ನಮ್ಮ ಮೆಟ್ರೋ, ಸ್ಯಾನ್ ಹೋಸೆಯ ಲೈಟ್ ರೈಲು ಎರಡೂ 750 ವೋಲ್ಟ್ ಡಿಸಿ, ಎರಡೂ 1,435 ಮಿ.ಮೀ. ಗೇಜು, ಅಂದರೆ ಎರಡು ಹಳಿಗಳ ನಡುವಿನ ಅಂತರ. ಆದರೆ ಮೆಟ್ರೋಗೆ ವಿದ್ಯುತ್ತು ಹಳಿ ಪಕ್ಕದ ಮೂರನೇ ಹಳಿಯಿಂದ, ಲೈಟ್ ರೈಲಿಗೆ ತಲೆಯ ಮೇಲಿನ ತಂತಿಯಿಂದ. ಜನ ಹಳಿ ದಾಟುವ ಕಡೆ ಕಾಲಬುಡದಲ್ಲಿ ಕರೆಂಟು ಇಡಲಾಗದಲ್ಲ.

ಹಳೆಯ ಬರಹ ಅನುವಾದಿಸುವವರಿಗೆ ಒಂದು ಎಚ್ಚರಿಕೆ: 1915ರ ಬೆಂಗಳೂರು–ಚಿಕ್ಕಬಳ್ಳಾಪುರ ಲೈಟ್ ರೈಲ್ವೆ ಈ ಜಾತಿಯದಲ್ಲ. ಅದು 762 ಮಿ.ಮೀ. ನ್ಯಾರೋಗೇಜಿನ ಅಗ್ಗದ ಮಾರ್ಗ. ಅದನ್ನು ‘ಲೈಟ್ ರೈಲ್ವೆ’ ಎಂದೇ ಬಿಡಿ.

* * *

ಬೋಗಿಯ ಬಗ್ಗೆ. ನಮ್ಮ ಮಾತಿನಲ್ಲಿ ಬೋಗಿ ಎಂದರೆ ಡಬ್ಬಿ. ವರ್ಕ್‌ಶಾಪಿನವರಿಗೆ ಅದು ಡಬ್ಬಿಯ ಕೆಳಗಿನ ಚಕ್ರಗಳ ಚೌಕಟ್ಟು. ಸ್ಯಾನ್ ಹೋಸೆಯ ಒಂದು ‘ಕಾರ್’ ಸುಮಾರು 27 ಮೀಟರ್ ಉದ್ದ. ಮೂರು ತುಂಡುಗಳನ್ನು ಮಡಿಕೆ ಬಿದ್ದ ರಬ್ಬರ್ ಹೊದಿಕೆಯ ಕೀಲುಗಳಿಂದ ಜೋಡಿಸಿದ್ದಾರೆ, ಕೆಳಗೆ ಮೂರು ಚೌಕಟ್ಟು. ‘ಎರಡು ಬೋಗಿ’ ಎಂದು ಓದಿದವರು ಪ್ಲಾಟ್‌ಫಾರಂನಲ್ಲಿ ನಿಂತು ಆರು ಎಣಿಸುತ್ತಾರೆ. ‘ಎರಡು ಗಾಡಿ ಜೋಡಿಸಿದ ರೈಲು’ ಎಂದರೆ ಗೊಂದಲವಿಲ್ಲ.

ಅದಕ್ಕಿಂತ ಮುಖ್ಯ ‘ಟ್ಯಾಪ್’, ಅಂದರೆ ಟಿಕೆಟ್ ಕಾರ್ಡನ್ನು ಯಂತ್ರಕ್ಕೆ ತಾಗಿಸುವುದು. ಅಲ್ಲಿ ಗೇಟುಗಳಿಲ್ಲ, ಪ್ಲಾಟ್‌ಫಾರಂನ ಯಂತ್ರಕ್ಕೆ ಕಾರ್ಡು ತೋರಿಸದೆಯೂ ಹತ್ತಿಬಿಡಬಹುದು, ಸಿಕ್ಕಿಬೀಳುವುದು ಚೆಕಿಂಗಿನವರು ಬಂದಾಗ. ನಮ್ಮ ಮೆಟ್ರೋದಲ್ಲಿ ಎರಡೂ ಕಡೆ ತೋರಿಸಿ ರೂಢಿಯಾದವರಿಗೆ ಬರೀ ‘ಟ್ಯಾಪ್ ಮಾಡಿ’ ಎಂದರೆ ಸಾಲದು. ಹೀಗಿರಲಿ: ‘ರೈಲು ಹತ್ತುವ ಮುಂಚೆ, ಪ್ಲಾಟ್‌ಫಾರಂನಲ್ಲೇ, ಕಾರ್ಡನ್ನು ಒಂದು ಸಲ ತಾಗಿಸಿ. ಇಳಿದ ಮೇಲೆ ತಾಗಿಸಬೇಕಿಲ್ಲ.’