ಸಹಾಯ ಬೇಕು: ಬರೀ ಅಕ್ಷರಗಳ ಸಾಹಸ ಆಟಗಳು

ನಮಸ್ಕಾರ. ದಸರಾ ರಜೆಗೆ ಮೈಸೂರಿಗೆ ಬಂದಿರುವ ಅಕ್ಕನ ಮಗಳಿಗೆ ‘ಜೋರ್ಕ್’ ತೋರಿಸಿದೆ. 1980ರಲ್ಲಿ ಇನ್ಫೋಕಾಮ್ ಕಂಪನಿ ಮಾರಾಟಕ್ಕೆ ತಂದ ಕಂಪ್ಯೂಟರ್ ಆಟ, ಚಿತ್ರವಿಲ್ಲ, ಸದ್ದಿಲ್ಲ; ಏನು ಮಾಡಬೇಕೆಂದು ಟೈಪ್ ಮಾಡುತ್ತ ಆಡಬೇಕು. ಬಿಳಿ ಮನೆಯೆದುರಿನ ಅಂಚೆ ಪೆಟ್ಟಿಗೆ ತೆರೆದಳು, ಚೀಟಿ ಓದಿದಳು. ಆಮೇಲೆ ದೀಪ ಹೊತ್ತಿಸದೆ ನೆಲಮಾಳಿಗೆಗಿಳಿದು, ಕತ್ತಲಲ್ಲಿ ತಡಕಾಡುತ್ತ, ಅಲ್ಲಿ ಅವಿತಿರುವ ‘ಗ್ರೂ’ ಎಂಬ ಪ್ರಾಣಿಯ ಬಾಯಿಗೆ ಬಿದ್ದಳು! ನನ್ನ ಕಾಫಿ ಆರುವವರೆಗೂ ನಕ್ಕೆವು. ಈಗ ಸುರುಳಿ ದಾರಿಗಳಲ್ಲಿ ಸಿಕ್ಕಿಕೊಂಡಿದ್ದಾಳೆ, ಅಭಿಮನ್ಯುವಿನ ಪಾಡು. ಗುರುತಿಗೆ ಕೋಣೆಗೊಂದು ವಸ್ತು ಬಿಟ್ಟು ನಕ್ಷೆ ಬರೆಯುವ ಹಳೆಯ ಉಪಾಯ ಹೇಳಿಕೊಟ್ಟಿದ್ದೇನೆ. ನೋಟ್‌ಬುಕ್ಕಿನ ಆರು ಪುಟ ಆಗಲೇ ಖಾಲಿ.

ಮುಂದೆ ಯಾವುದನ್ನು ಕೊಡಲಿ? ‘ಆಂಕರ್‌ಹೆಡ್’ ಹದಿಮೂರರ ಹುಡುಗಿಗೆ ಬೇಡ, ತೀರಾ ಭಯಾನಕ. ತಪ್ಪಿಸಿಕೊಂಡ ಹಂದಿಯನ್ನು ಹುಡುಕುವ ‘ಲಾಸ್ಟ್ ಪಿಗ್’ ಪಟ್ಟಿಯಲ್ಲಿದೆ. ಅಂಥ ತಮಾಷೆಯ, ಎರಡು ಸಂಜೆಗಳಲ್ಲಿ ಮುಗಿಯುವ ಆಟಗಳಿದ್ದರೆ ತಿಳಿಸಿ. ಕನ್ನಡದಲ್ಲೇ ಯಾರಾದರೂ ಬರೆದಿದ್ದರೆ ಅದನ್ನೇ ಮೊದಲು ಹೇಳಿ.