ಮುರಕಲ್ಲಿನ ಹಳೆಯ ಮನೆಯಲ್ಲಿ ಹಾಡು, ಸಿನಿಮಾ, ತಾಳಮದ್ದಳೆ: ಯಾವ ನೆಟ್‌ವರ್ಕ್ ವ್ಯವಸ್ಥೆ ಸರಿಹೋಗುತ್ತದೆ?

ಚಾವಡಿಮನೆ, ಉಡುಪಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಅಂಬಲಪಾಡಿಯ ಬಳಿ ಇರುವ ನಮ್ಮ ಮನೆ ಮುರಕಲ್ಲಿನ ಹಳೆಯ ಕಟ್ಟಡ. ಕೆಳಗೆ ಚಾವಡಿ ಮತ್ತು ತಂದೆಯವರ ಕೋಣೆ, ಉಪ್ಪರಿಗೆಯಲ್ಲಿ ಟಿವಿ ಇರುವ ದೊಡ್ಡ ಕೋಣೆ. ಈ ಮೂರೂ ಕಡೆ ಹಾಡು ಕೇಳುವಂತಿರಬೇಕು, ಉಪ್ಪರಿಗೆಯಲ್ಲಿ ಮಕ್ಕಳಿಗೆ ಸಿನಿಮಾ ಸರಾಗವಾಗಿ ನೋಡಲು ಸಿಗಬೇಕು ಎಂಬುದು ನಮ್ಮ ಬಯಕೆ. ಫೈಬರ್ ಸಂಪರ್ಕವಿದೆ, ರೂಟರ್ ಚಾವಡಿಯಲ್ಲಿದೆ. ಉಪ್ಪರಿಗೆಯಲ್ಲಿ ವೈಫೈ ಸಿಗುತ್ತದಾದರೂ ಸಿನಿಮಾ ನಡುನಡುವೆ ನಿಂತುಹೋಗುತ್ತದೆ.

ಆದರೆ ಈ ಪ್ರಶ್ನೆ ಕೇಳಲು ಮುಖ್ಯ ಕಾರಣ ತಂದೆಯವರ ಸಂಗ್ರಹ. ಅವರ ಬಳಿ ಇನ್ನೂರಕ್ಕೂ ಹೆಚ್ಚು ಕ್ಯಾಸೆಟ್‌ಗಳಿವೆ: ತಾಳಮದ್ದಳೆಗಳು, ಬಯಲಾಟದ ರಾತ್ರಿಗಳಲ್ಲಿ ರಂಗಸ್ಥಳದ ಪಕ್ಕ ಕುಳಿತು ಅವರೇ ಧ್ವನಿಮುದ್ರಿಸಿದ ಪ್ರಸಂಗಗಳು, ಮಂಗಳೂರು ಆಕಾಶವಾಣಿಯಿಂದ ಹಿಡಿದಿಟ್ಟ ಕಾರ್ಯಕ್ರಮಗಳು. ಇವಲ್ಲದೆ ಕರ್ನಾಟಕ ಸಂಗೀತದ ಸಿಡಿಗಳು, ತುಳು ನಾಟಕಗಳ ವಿಸಿಡಿಗಳೂ ಇವೆ. ಇವನ್ನೆಲ್ಲ ಒಂದೇ ಕಡೆ ಸೇರಿಸಿ, ಯಾವ ಕೋಣೆಯಲ್ಲಿ ಕುಳಿತರೂ ಅವರಿಗೆ ಕೇಳಲು ಸಿಗುವಂತೆ ಮಾಡಬೇಕೆಂದಿದ್ದೇನೆ. ಹಳೆಯದಾದರೂ ಚೆನ್ನಾಗಿರುವ ಒಂದು ಸ್ಟೀರಿಯೊ ಆಂಪ್ಲಿಫೈಯರ್ ಮತ್ತು ಎರಡು ಸ್ಪೀಕರ್‌ಗಳು ಮನೆಯಲ್ಲಿಯೇ ಇವೆ.

ಅಂಗಡಿಯವರು ಮೂರು ದಾರಿ ತೋರಿಸಿದ್ದಾರೆ: ಒಂದೇ ಕಂಪೆನಿಯ ಸೌಂಡ್‌ಬಾರ್ ಮತ್ತು ವೈರ್‌ಲೆಸ್ ಸ್ಪೀಕರ್‌ಗಳ ಜೋಡಣೆ, ನೆಟ್‌ವರ್ಕ್ ಸೌಲಭ್ಯವಿರುವ ಎವಿ ರಿಸೀವರ್ (ಸಿನಿಮಾದ ಧ್ವನಿಯನ್ನು ಹಲವು ಸ್ಪೀಕರ್‌ಗಳಿಗೆ ಹಂಚುವ ಆಂಪ್ಲಿಫೈಯರ್) ಜೊತೆಗೆ ಐದು ಸ್ಪೀಕರ್‌ಗಳು, ಅಥವಾ ಇರುವ ಆಂಪ್ಲಿಫೈಯರ್‌ಗೆ ಸೇರಿಸಬಹುದಾದ, ನೆಟ್‌ವರ್ಕ್‌ನಿಂದ ಹಾಡು ಪಡೆದು ನುಡಿಸುವ ಪುಟ್ಟ ಸ್ಟ್ರೀಮರ್. ನಮ್ಮ ಮಿತಿ ಸುಮಾರು 80,000 ರೂಪಾಯಿ. ಬಲ್ಲವರು ದಯವಿಟ್ಟು ತಿಳಿಸಬೇಕು.

ಕದ್ರಿಗುಡ್ಡೆ, ಮಂಗಳೂರು

ಪೆಟ್ಟಿಗೆ ಯಾವುದೆಂದು ಯೋಚಿಸುವ ಮೊದಲು ಮನೆಯ ಒಳಗಿನ ನೆಟ್‌ವರ್ಕನ್ನು ಸರಿಪಡಿಸಿಕೊಳ್ಳಿ. ಈ ಜಿಲ್ಲೆಗಳ ಮನೆಗಳಲ್ಲಿ ತೊಂದರೆ ಶುರುವಾಗುವುದೇ ಅಲ್ಲಿಂದ. ದಪ್ಪನೆಯ ಮುರಕಲ್ಲಿನ ಗೋಡೆ, ಅದರಲ್ಲೂ ಮಳೆಗಾಲದಲ್ಲಿ ನೀರು ಹೀರಿಕೊಂಡು ತೇವವಾಗಿರುವ ಗೋಡೆ, ವೈಫೈ ಅಲೆಗಳನ್ನು ಬಹಳವಾಗಿ ತಡೆಯುತ್ತದೆ. 2.4 ಗಿಗಾಹರ್ಟ್ಸ್ ಅಲೆಗಳು ಹೇಗೋ ಎರಡು ಗೋಡೆ ದಾಟಿ ಬರುತ್ತವೆ, ಆದರೆ ಅವುಗಳ ವೇಗ ಕಡಿಮೆ. ವೇಗವುಳ್ಳ 5 ಗಿಗಾಹರ್ಟ್ಸ್ ಅಲೆಗಳು ಒಂದು ಗೋಡೆಯ ಆಚೆಗೇ ಸೊರಗುತ್ತವೆ. ಉಪ್ಪರಿಗೆಯಲ್ಲಿ ಸಿಗ್ನಲ್ ಕಾಣಿಸಿದರೂ ಸಿನಿಮಾ ನಿಲ್ಲುವುದಕ್ಕೆ ಬಹುತೇಕ ಇದೇ ಕಾರಣವಿರಬೇಕು.

ಎಷ್ಟು ವೇಗ ಬೇಕು ಎಂಬ ಲೆಕ್ಕ ನಿಮ್ಮ ಮುಂದಿರಲಿ. ಸಿಡಿ ಗುಣಮಟ್ಟದ ಸಂಗೀತಕ್ಕೆ ಸೆಕೆಂಡಿಗೆ ಒಂದೂವರೆ ಮೆಗಾಬಿಟ್ ಸಹ ಬೇಡ, 1.41 ಸಾಕು, ಅದನ್ನು ಯಾವ ವೈಫೈ ಆದರೂ ಹೊರುತ್ತದೆ. ಇಂಟರ್ನೆಟ್‌ನಿಂದ ಬರುವ 4ಕೆ ಸಿನಿಮಾಕ್ಕೆ 15ರಿಂದ 25 ಮೆಗಾಬಿಟ್ ಬೇಕಾಗುತ್ತದೆ, ಅದೂ ಎಡೆಬಿಡದೆ. ನಿಮ್ಮದೇ ಡಿಸ್ಕ್‌ನಲ್ಲಿರುವ ಬ್ಲೂರೇ ಪ್ರತಿಯಾದರೆ ಇನ್ನೂ ಹೆಚ್ಚು. 4ಕೆ ಬ್ಲೂರೇಯಲ್ಲಿ ಅದು 100 ಮೆಗಾಬಿಟ್ ದಾಟುವುದೂ ಉಂಟು. ಹಾಗಾಗಿ ಸಂಗೀತವನ್ನು ಗಾಳಿಯಲ್ಲಿ ಬಿಟ್ಟರೂ ನಡೆಯುತ್ತದೆ, ವಿಡಿಯೊಗೆ ತಂತಿಯೇ ಮೇಲು.

ಆದ್ದರಿಂದ ಚಾವಡಿಯ ರೂಟರ್‌ನಿಂದ ಉಪ್ಪರಿಗೆಗೆ ಒಂದು, ತಂದೆಯವರ ಕೋಣೆಗೆ ಒಂದು ಕ್ಯಾಟ್6 ನೆಟ್‌ವರ್ಕ್ ಕೇಬಲ್ ಎಳೆಸಿ. ನೂರು ಮೀಟರ್‌ವರೆಗೆ ಅದು ಗಿಗಾಬಿಟ್ ವೇಗವನ್ನು ಕುಂದಿಲ್ಲದೆ ಕೊಡುತ್ತದೆ. ಮುರಕಲ್ಲು ಮೆದುವಾದುದರಿಂದ ತೂತು ಕೊರೆಯುವುದು ಕಷ್ಟವಲ್ಲ. ಹಲಗೆಯ ಮುಚ್ಚಿಗೆ ಇರುವ ಮನೆಯಾದರೆ ಗೋಡೆ ಮುಟ್ಟದೆಯೇ ಮೇಲಕ್ಕೆ ಒಯ್ಯಬಹುದು. ಕೇಬಲ್ ಕೊಳ್ಳುವಾಗ ಮಾತ್ರ ಶುದ್ಧ ತಾಮ್ರದ್ದೇ ಎಂದು ಕೇಳಿ ಪಡೆಯಿರಿ. ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪವಿರುವ ಅಗ್ಗದ ಕೇಬಲ್‌ಗಳು ಮಾರುಕಟ್ಟೆಯಲ್ಲಿ ಧಾರಾಳವಾಗಿವೆ, ಅವು ನಮ್ಮ ಉಪ್ಪುಗಾಳಿಗೆ ಬಾಳುವಂಥವಲ್ಲ. ಮೆಶ್ ವೈಫೈ (ಹಲವು ಘಟಕಗಳು ಸೇರಿ ಮನೆಯಿಡೀ ಹರಡುವ ವೈಫೈ) ಹಾಕಿಸುವುದಾದರೂ ಅದರ ಎರಡನೆಯ ಘಟಕವನ್ನು ಈ ಕೇಬಲ್‌ಗೇ ಜೋಡಿಸಿ. ಇಲ್ಲವಾದರೆ ಅದೂ ಅದೇ ಗೋಡೆಯೊಡನೆ ಹೆಣಗಬೇಕಾಗುತ್ತದೆ.

ಅಲೆವೂರು ದಾರಿ, ಮಣಿಪಾಲ

ಮೇಲಿನ ಮಾತಿಗೆ ನನ್ನ ಪೂರ್ಣ ಸಮ್ಮತಿಯಿದೆ. ನಾನು ಸಂಗ್ರಹದ ಬಗ್ಗೆ ಬರೆಯುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯಲ್ಲಿ ಬೆಲೆ ಕಟ್ಟಲಾಗದ್ದು ಅದೊಂದೇ. ಸ್ಪೀಕರ್ ಹೋದರೆ ಇನ್ನೊಂದು ತರಬಹುದು. ರಂಗಸ್ಥಳದ ಪಕ್ಕ ಕುಳಿತು ಮುದ್ರಿಸಿದ ಆ ರಾತ್ರಿಯ ಭಾಗವತಿಕೆ ಬೇರೆಲ್ಲೂ ಸಿಗುವುದಿಲ್ಲ.

ಕ್ಯಾಸೆಟ್‌ಗಳಲ್ಲಿ ಬೂಸರು ಹಿಡಿದವನ್ನು ಮೊದಲು ಬೇರ್ಪಡಿಸಿ. ಶುಚಿಗೊಳಿಸದೆ ಡೆಕ್‌ಗೆ ಹಾಕಿದರೆ ಬೂಸರು ಹೆಡ್‌ಗೆ ಅಂಟಿ ಮುಂದಿನ ಕ್ಯಾಸೆಟ್‌ಗೂ ದಾಟುತ್ತದೆ. ಒಳ್ಳೆಯ ಡೆಕ್ ಒಂದರ ಲೈನ್‌ಔಟ್‌ನಿಂದ ಕಂಪ್ಯೂಟರಿನ ಆಡಿಯೊ ಇಂಟರ್‌ಫೇಸ್‌ಗೆ (ಧ್ವನಿಯನ್ನು ಡಿಜಿಟಲ್ ಆಗಿಸುವ ಪೆಟ್ಟಿಗೆ) ಜೋಡಿಸಿ, 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಮುದ್ರಿಸಿ, ಫ್ಲಾಕ್ ರೂಪದಲ್ಲಿ ಉಳಿಸಿ. ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶ ಇದಕ್ಕೆ ಸಾಕು. ಫ್ಲಾಕ್‌ನಲ್ಲಿ ಮೂಲದ ಒಂದು ಅಂಶವೂ ನಷ್ಟವಾಗುವುದಿಲ್ಲ, ಮುಂದೆ ಯಾವಾಗ ಬೇಕಾದರೂ ಅದರಿಂದ ಎಂಪಿ3 ಮಾಡಿಕೊಳ್ಳಬಹುದು. ಎಂಪಿ3ಯಿಂದ ಹಿಂದಕ್ಕೆ ಬರಲು ದಾರಿಯಿಲ್ಲ. ಒಂದು ಗಂಟೆಯ ಮುದ್ರಣ ಫ್ಲಾಕ್‌ನಲ್ಲಿ ಒಂದು ಗಿಗಾಬೈಟ್‌ಗಿಂತ ಕಡಿಮೆಯೇ ಆಗುವುದರಿಂದ ಇನ್ನೂರು ಕ್ಯಾಸೆಟ್‌ಗಳು, ಸಿಡಿಗಳು, ವಿಸಿಡಿಗಳು ಎಲ್ಲ ಸೇರಿದರೂ 2 ಟೆರಾಬೈಟ್ ಡಿಸ್ಕ್‌ನಲ್ಲಿ ಜಾಗ ಮಿಗುತ್ತದೆ. ವಿಸಿಡಿಯ ಚಿತ್ರ ಇರುವುದೇ 352x288 ಬಿಂದುಗಳಲ್ಲಿ. ಅದನ್ನು ಹಾಗೆಯೇ ನಕಲು ಮಾಡಿ ಇಡಿ, ಹಿಗ್ಗಿಸಿ ಉಳಿಸುವುದರಿಂದ ಏನೂ ಲಾಭವಿಲ್ಲ.

ಈ ಸಂಗ್ರಹವನ್ನು ಎಲ್ಲ ಕೋಣೆಗಳಿಗೂ ಒದಗಿಸುವ ಸರ್ವರ್ ಆಗಿ ಒಂದು ಪುಟ್ಟ ಕಂಪ್ಯೂಟರ್ ಅಥವಾ ಎರಡು ಡಿಸ್ಕ್‌ಗಳ ನ್ಯಾಸ್ (ನೆಟ್‌ವರ್ಕ್‌ಗೆ ಜೋಡಿಸುವ ಡಿಸ್ಕ್ ಪೆಟ್ಟಿಗೆ) ಇಟ್ಟುಕೊಳ್ಳಿ. ವಿಡಿಯೊಗೆ ಜೆಲ್ಲಿಫಿನ್, ಸಂಗೀತಕ್ಕೆ ಲಿರಿಯನ್ ಮ್ಯೂಸಿಕ್ ಸರ್ವರ್. ಎರಡೂ ಮುಕ್ತ ತಂತ್ರಾಂಶಗಳು. ಲಿರಿಯನ್ ಹೆಸರನ್ನು ಬೇಕೆಂದೇ ಎತ್ತಿದ್ದೇನೆ. ಅದು ಮೊದಲು ಲಾಜಿಟೆಕ್ ಕಂಪೆನಿಯ ಸ್ಕ್ವೀಜ್‌ಬಾಕ್ಸ್ ಯಂತ್ರಗಳಿಗಾಗಿ ಇದ್ದ ಸರ್ವರ್. ಕಂಪೆನಿ 2012ರಲ್ಲಿ ಆ ಯಂತ್ರಗಳನ್ನು ಕೈಬಿಟ್ಟರೂ ತಂತ್ರಾಂಶ ಮುಕ್ತವಾಗಿದ್ದುದರಿಂದ ಬಳಕೆದಾರರು ಅದನ್ನು ಬೆಳೆಸಿಕೊಂಡು ಬಂದರು, ಅಂದಿನ ಯಂತ್ರಗಳು ಇಂದೂ ಅದರಲ್ಲಿ ಹಾಡುತ್ತಿವೆ. ಕಂಪೆನಿಯ ಕ್ಲೌಡ್‌ಗೆ ಕಟ್ಟಿಹಾಕಿದ ವ್ಯವಸ್ಥೆಗಳಿಗೆ ಈ ಭಾಗ್ಯವಿಲ್ಲ. ಮತ್ತೊಂದು ಅನುಕೂಲವೆಂದರೆ, ಆಷಾಢದ ಗಾಳಿಗೆ ಮರ ಬಿದ್ದು ಫೈಬರ್ ತುಂಡಾದರೂ ಮನೆಯೊಳಗಿನ ಸರ್ವರ್‌ಗೆ ಇಂಟರ್ನೆಟ್ ಬೇಕಿಲ್ಲ; ತಂದೆಯವರ ತಾಳಮದ್ದಳೆ ನಡೆಯುತ್ತಲೇ ಇರುತ್ತದೆ.

ಸ್ಟ್ರೀಮರ್ ಕೊಳ್ಳುವಾಗ ಎರಡು ವಿಷಯಗಳನ್ನು ಅಂಗಡಿಯಲ್ಲಿಯೇ ಪರೀಕ್ಷಿಸಿ. ಮೊದಲನೆಯದು, ಒಂದು ಟ್ರ್ಯಾಕ್ ಮುಗಿದು ಇನ್ನೊಂದು ಶುರುವಾಗುವಾಗ ನಡುವೆ ಮೌನ ಬರುತ್ತದೆಯೇ ಎಂಬುದು. ಡಿಎಲ್‌ಎನ್‌ಎ (ಮನೆಯ ನೆಟ್‌ವರ್ಕ್‌ನಲ್ಲಿ ಹಾಡು, ವಿಡಿಯೊ ಹಂಚುವ ಒಂದು ಪದ್ಧತಿ) ಮೂಲಕ ನುಡಿಸುವ ಹಲವು ಯಂತ್ರಗಳಲ್ಲಿ ಈ ದೋಷವಿದೆ. ಸಿನಿಮಾ ಹಾಡುಗಳಲ್ಲಿ ಅದು ಗೊತ್ತಾಗುವುದಿಲ್ಲ. ಪದ್ಯದ ಎತ್ತುಗಡೆಯ ನಡುವೆ ಚೆಂಡೆ ತುಂಡಾದರೆ ತಂದೆಯವರು ಆ ಕ್ಷಣವೇ ಗುರುತಿಸುತ್ತಾರೆ. ಎರಡನೆಯದು ಕನ್ನಡ ಲಿಪಿ. ಹಲವು ರಿಸೀವರ್‌ಗಳ ಪುಟ್ಟ ಪರದೆಯಲ್ಲಿ ಕನ್ನಡ ಹೆಸರುಗಳು ಖಾಲಿ ಚೌಕಗಳಾಗಿ ಬರುತ್ತವೆ, ಇಲ್ಲವೇ ಒತ್ತಕ್ಷರಗಳು ಒಡೆದು ಕಾಣುತ್ತವೆ. ಫೋನ್ ಅಥವಾ ಟ್ಯಾಬ್ಲೆಟ್‌ನಿಂದ ನಡೆಸಿದರೆ ಈ ತೊಡಕಿರುವುದಿಲ್ಲ.

ಸೀತಾನದಿ, ಬ್ರಹ್ಮಾವರ

ಸರ್ವರ್ ಬಗ್ಗೆ ಬರೆದದ್ದೆಲ್ಲ ಸರಿ. ಆದರೆ ಬಳಸುವವರು ಯಾರು ಎಂಬುದನ್ನು ಮರೆಯಬಾರದು. ವಯಸ್ಸಾದವರಿಗೆ ಕೇಳಬೇಕೆನಿಸಿದಾಗಲೆಲ್ಲ ಆ್ಯಪ್ ತೆರೆಯಿರಿ, ಸಾಧನ ಆರಿಸಿ ಎಂದರೆ ಅವರು ಒಂದು ವಾರದಲ್ಲಿ ಅದನ್ನು ಬಿಟ್ಟು ಹಳೆಯ ಕ್ಯಾಸೆಟ್ ಪ್ಲೇಯರ್‌ಗೆ ಮರಳುತ್ತಾರೆ, ಹಾಗೆ ಮಾಡುವುದು ನ್ಯಾಯವೂ ಹೌದು. ತಂದೆಯವರ ಕೋಣೆಯ ಯಂತ್ರಕ್ಕೆ ಗುಂಡಿಗಳಿರುವ ರಿಮೋಟ್ ಇರಲಿ, ಅದರ ಮೊದಲ ಕೆಲವು ಗುಂಡಿಗಳಿಗೆ ಅವರ ಮೆಚ್ಚಿನ ಪಟ್ಟಿಗಳನ್ನು ಹೊಂದಿಸಿ ಕೊಡಿ.

ಅಂಗಡಿಯವರ ಮೂರು ದಾರಿಗಳ ಪೈಕಿ ನನ್ನ ಮತ ಮೂರನೆಯದಕ್ಕೆ. ನಿಮ್ಮ ಸಂಗ್ರಹದಲ್ಲಿ ಇರುವುದೆಲ್ಲ ಮೋನೊ ಅಥವಾ ಸ್ಟೀರಿಯೊ. ಐದು ಸ್ಪೀಕರ್‌ಗಳಿಂದ ಅದಕ್ಕೆ ಏನೂ ಸೇರುವುದಿಲ್ಲ. ಚೆಂಡೆಯ ಪೆಟ್ಟು ಎಷ್ಟು ಹರಿತವೋ ಅಷ್ಟೇ ದಿಢೀರನೆ ಬರುವಂಥದ್ದು. ಪುಟ್ಟ ಸೌಂಡ್‌ಬಾರ್ ಅದನ್ನು ತಾಳಲಾರದೆ ಒತ್ತಿಹಾಕುತ್ತದೆ, ಆಗ ಮದ್ದಳೆಯ ನಾದವೂ ಭಾಗವತರ ಧ್ವನಿಯೂ ಚೆಂಡೆಯೊಡನೆ ಕಲಸಿಹೋಗುತ್ತವೆ. ನಿಮ್ಮ ಹಳೆಯ ಆಂಪ್ಲಿಫೈಯರ್ ಮತ್ತು ದೊಡ್ಡ ಸ್ಪೀಕರ್‌ಗಳು ಈ ಕೆಲಸವನ್ನು ಯಾವ ಹೊಸ ಸೌಂಡ್‌ಬಾರ್‌ಗಿಂತಲೂ ಚೆನ್ನಾಗಿ ಮಾಡುತ್ತವೆ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಮಕ್ಕಳ ಸಿನಿಮಾಕ್ಕೆ ಬೇಕೆನಿಸಿದರೆ ಉಪ್ಪರಿಗೆಗೆ ಮಾತ್ರ ಒಂದು ಸಾಧಾರಣ ಸೌಂಡ್‌ಬಾರ್ ತನ್ನಿ, ಟಿವಿಯಲ್ಲಿಯೂ ಅದರಲ್ಲಿಯೂ ಇಆರ್ಕ್ (ಟಿವಿಯ ಧ್ವನಿಯನ್ನು ಎಚ್‌ಡಿಎಂಐ ಕೇಬಲ್ ಮೂಲಕ ಸೌಂಡ್‌ಬಾರ್‌ಗೆ ಕಳುಹಿಸುವ ಸೌಲಭ್ಯ) ಇದೆಯೇ ನೋಡಿ. ಹಳೆಯ ಆರ್ಕ್ ಆದರೂ ಸಾಮಾನ್ಯ ಸ್ಟ್ರೀಮಿಂಗ್‌ಗೆ ಸಾಲುತ್ತದೆ; ಬ್ಲೂರೇಯ ನಷ್ಟರಹಿತ ಧ್ವನಿಗೆ ಮಾತ್ರ ಇಆರ್ಕ್ ಬೇಕು.

ಕಡಲಬದಿ, ಸುರತ್ಕಲ್

ಸಿಡಿಲಿನ ಮಾತನ್ನು ಯಾರೂ ಎತ್ತಲಿಲ್ಲ. ಮಳೆಗಾಲಕ್ಕೆ ಮುಂಚೆ ಏಪ್ರಿಲ್, ಮೇ ತಿಂಗಳುಗಳಲ್ಲಿ, ಮತ್ತೆ ಅಕ್ಟೋಬರ್‌ನಲ್ಲಿ ಸಂಜೆಯ ಹೊತ್ತು ಬರುವ ಗುಡುಗು ಮಳೆ ನೆಟ್‌ವರ್ಕ್ ಯಂತ್ರಗಳಿಗೆ ದೊಡ್ಡ ಶತ್ರು, ಏಕೆಂದರೆ ತಂತಿಯಿಂದ ಜೋಡಿಸಿದ ಎಲ್ಲವೂ ಒಟ್ಟಿಗೇ ಸುಡಬಹುದು. ಮೊದಲು ಮನೆಯ ಅರ್ಥಿಂಗ್ ಪರೀಕ್ಷಿಸಿ. ಅದಿಲ್ಲದೆ ಸರ್ಜ್ ಪ್ರೊಟೆಕ್ಟರ್ ಹಾಕಿದರೂ ಹೆಸರಿಗಷ್ಟೇ. ಫೈಬರಿನ ಗಾಜಿನ ಎಳೆ ವಿದ್ಯುತ್ ಹರಿಸುವುದಿಲ್ಲ, ಆದರೆ ಕಂಬದಿಂದ ಬರುವ ಕೇಬಲ್‌ನಲ್ಲಿ ಆಧಾರಕ್ಕೆಂದು ಉಕ್ಕಿನ ತಂತಿ ಇರುತ್ತದೆ. ಅದನ್ನು ಮನೆಯ ಹೊರಗೇ ಬೇರ್ಪಡಿಸಿ ನಿಲ್ಲಿಸುವಂತೆ ಹೇಳಿ. ಡಿಶ್‌ನಿಂದ ಇಳಿಯುವ ಕೇಬಲ್ಲಿಗೂ ಇದೇ ಎಚ್ಚರ ಬೇಕು.

ಸರ್ವರನ್ನು ಮಳೆಗಾಲದಲ್ಲಿ ಆರಿಸಿಡದೆ ನಡೆಸುತ್ತಿರಿ. ಅದರ ಅಲ್ಪ ಬಿಸಿಯೇ ತೇವವನ್ನು ದೂರವಿಡುತ್ತದೆ. 10 ವ್ಯಾಟ್‌ನ ಕಂಪ್ಯೂಟರ್ ಹಗಲಿರುಳು ನಡೆದರೂ ತಿಂಗಳಿಗೆ ಏಳು ಯೂನಿಟ್ ಚಿಲ್ಲರೆ ಖರ್ಚು. ಅದಕ್ಕೂ ರೂಟರ್‌ಗೂ ಸಣ್ಣ ಯುಪಿಎಸ್ ಇರಲಿ.

ಚಾವಡಿಮನೆ, ಉಡುಪಿ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಕೇಬಲ್ ಎಳೆಸಿ, ಹಳೆಯ ಆಂಪ್ಲಿಫೈಯರನ್ನೇ ಉಳಿಸಿಕೊಂಡು ಸ್ಟ್ರೀಮರ್ ಮತ್ತು ಸರ್ವರ್‌ಗೆ ಹಣ ಹಾಕುವುದೆಂದು ನಿರ್ಧರಿಸಿದ್ದೇವೆ. ಎರಡು ಸಂದೇಹಗಳು ಉಳಿದಿವೆ. ಎರಡು ಡಿಸ್ಕ್‌ಗಳ ನ್ಯಾಸ್‌ನಲ್ಲಿ ಒಂದು ಇನ್ನೊಂದರ ಪ್ರತಿಯಾಗಿರುತ್ತದೆ ಎನ್ನುತ್ತಾರೆ, ಹಾಗಾದರೆ ಬೇರೆ ಬ್ಯಾಕಪ್ ಬೇಕೇ? ಒಂದು ಪ್ರಸಂಗ ನಾಲ್ಕೈದು ಕ್ಯಾಸೆಟ್‌ಗಳಲ್ಲಿ ಹಂಚಿಹೋಗಿದ್ದರೆ ಅದನ್ನು ಹೇಗೆ ಹೆಸರಿಸಬೇಕು?

ಅಲೆವೂರು ದಾರಿ, ಮಣಿಪಾಲ

ಖಂಡಿತವಾಗಿ ಬೇಕು. ಜೋಡಿ ಡಿಸ್ಕ್ ಇದ್ದರೆ ಒಂದು ಕೆಟ್ಟಾಗ ಕೆಲಸ ನಿಲ್ಲುವುದಿಲ್ಲ, ಅಷ್ಟೇ. ಕೈತಪ್ಪಿ ಅಳಿಸಿದ್ದು ಎರಡರಲ್ಲೂ ಅಳಿಯುತ್ತದೆ, ಸಿಡಿಲು ಬಡಿದರೆ ಎರಡೂ ಒಟ್ಟಿಗೆ ಹೋಗುತ್ತವೆ. ಪೂರ್ಣ ಪ್ರತಿಯಿರುವ ಮೂರನೆಯ ಡಿಸ್ಕ್ ಒಂದನ್ನು ಬೇರೊಂದು ಊರಿನ ನೆಂಟರ ಮನೆಯಲ್ಲಿಡಿ, ಹೊಸ ಮುದ್ರಣಗಳು ಸೇರಿದ ಹಾಗೆ ಅದನ್ನು ತರಿಸಿ ನವೀಕರಿಸಿ. ಕ್ಯಾಸೆಟ್‌ಗಳನ್ನೂ ಎಸೆಯಬೇಡಿ, ಸಿಲಿಕಾ ಜೆಲ್ ಹಾಕಿದ ಮುಚ್ಚಳದ ಡಬ್ಬಿಯಲ್ಲಿ ಒಣಗಿರುವಂತೆ ಇಡಿ.

ಹೆಸರಿಸುವಾಗ ಆಲ್ಬಮ್ ಎಂಬಲ್ಲಿ ಪ್ರಸಂಗದ ಹೆಸರು ಮತ್ತು ವರ್ಷ, ಕಲಾವಿದ ಎಂಬಲ್ಲಿ ಭಾಗವತರು, ಟಿಪ್ಪಣಿಯಲ್ಲಿ ಮೇಳ, ಊರು, ಅರ್ಥಧಾರಿಗಳು ಅಥವಾ ವೇಷಧಾರಿಗಳು. ಕ್ಯಾಸೆಟ್‌ನ ಪ್ರತಿಯೊಂದು ಬದಿಯೂ ಒಂದು ಟ್ರ್ಯಾಕ್ ಆಗಿರಲಿ, ಅದಕ್ಕೆ 01, 02 ಎಂದು ಎರಡಂಕಿಯ ಕ್ರಮಸಂಖ್ಯೆ ಕೊಡಿ. ಒಂದೇ ಅಂಕಿ ಕೊಟ್ಟರೆ ಕೆಲವು ಯಂತ್ರಗಳು 1ರ ನಂತರ 10ನ್ನು ನುಡಿಸುತ್ತವೆ. ಕ್ಯಾಸೆಟ್‌ನ ಹೊದಿಕೆಯ ಮೇಲೆ ತಂದೆಯವರು ಬರೆದಿಟ್ಟದ್ದರ ಫೋಟೊ ತೆಗೆದು ಆ ಫೋಲ್ಡರ್‌ನಲ್ಲಿಯೇ ಮುಖಪುಟ ಚಿತ್ರವಾಗಿ ಹಾಕಿ. ಹೊದಿಕೆಯಲ್ಲಿ ಇಲ್ಲದ ವಿವರಗಳನ್ನು, ಯಾವ ಊರಿನ ಆಟ, ಚೆಂಡೆಗೆ ಯಾರು ಕುಳಿತಿದ್ದರು ಎಂಬಂಥವನ್ನು, ಮುದ್ರಿಸುವಾಗಲೇ ಅವರ ಪಕ್ಕ ಕುಳಿತು ಕೇಳಿ ಬರೆದುಕೊಳ್ಳಿ. ಈ ಕೆಲಸವನ್ನು ಸ್ಟ್ರೀಮರ್ ಬರುವವರೆಗೆ ಕಾಯದೆ ಈಗಲೇ ಆರಂಭಿಸಬಹುದು.